ಆರು ಸಾಲಿನ ಮುಚ್ಚಳಿಕೆ

ಲಿಸ್ಲ್, ಇಲಿನಾಯ್
16 ಜನವರಿ 2024

ಗಂಗವ್ವನವರಿಗೆ,

ಬರೆಯುತ್ತಿರುವವನು ಚಿದಂಬರ. ಹೆಸರು ನೋಡಿದ ಕೂಡಲೇ ಹರಿದು ಬಿಸಾಡಬೇಕೆನಿಸಿದರೆ ಬಿಸಾಡಿ, ಆದರೆ ಓದಿ ಬಿಸಾಡಿ. ಬೆಳಗಿನಿಂದ ನಾಲ್ಕು ಸಲ ಬರೆಯಲು ಕೂತು ನಾಲ್ಕು ಸಲ ಎದ್ದಿದ್ದೇನೆ. ಹೊರಗೆ ಮೈನಸ್ ಆರು ಡಿಗ್ರಿ, ಅಡ್ಡಾಡಲಿಕ್ಕೂ ಆಗುವುದಿಲ್ಲ. ಕಾರ್ಪೆಟ್ ಸವೆಸಬೇಡಿರೆಂದು ಮಗಳು ಪದ್ಮಜಾ ಬೈದು ಮೇಲಿನ ಕೋಣೆಗೆ ತನ್ನ ಮೀಟಿಂಗಿಗೆ ಹೋದಳು. ಮಿಶಿಗನ್‌ನ ಆಬರ್ನ್ ಹಿಲ್ಸ್ ಮನೆ ಮಾರಿ ಇವಳ ಹತ್ತಿರ ಬಂದು ಹತ್ತು ತಿಂಗಳಾಯಿತು. ಯಾಕೆ ಬಂದಿರಿ ಎಂದು ಕೇಳಿದವರಿಗೆಲ್ಲ ಮೊಣಕಾಲು ನೋವು ಎಂದು ಹೇಳಿದ್ದೇನೆ.

ಕಳೆದ ವಾರ ನಿಮ್ಮ ಅಪೀಲು ನಡೆಸುವ ವಕೀಲೆ ಮೇಧಾ ಡೆಟ್ರಾಯಿಟ್‌ನಿಂದ ಐದು ತಾಸು ಡ್ರೈವ್ ಮಾಡಿಕೊಂಡು ಬಂದಿದ್ದಳು. ಮೈಸೂರಿನವರ ಮಗಳು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಕೋಟು ಕೂಡ ಬಿಚ್ಚದೆ ಒಂದೇ ಪ್ರಶ್ನೆ ಕೇಳಿದಳು. "ಅಂಕಲ್, ಆ ಲೆಟರ್ ಬರೀರಿ ಅಂತ ಗಂಗವ್ವ ಅವ್ರಿಗೆ ಹೇಳಿದ್ದು ಯಾರು?" ಕೋರ್ಟಿನಲ್ಲಿ ಹೇಳಿದ್ದನ್ನೇ ಹೇಳಿದೆ. ಆಕೆ ತಾನಾಗಿಯೇ ಬರೆದಳು, ನಾನು ಭಾಷೆಗಷ್ಟೇ ಇದ್ದೆ. ಮೇಧಾ ವಾದ ಮಾಡಲಿಲ್ಲ. ನಿಮ್ಮ ಕಾಗದದ ಝೆರಾಕ್ಸ್ ಒಂದನ್ನು ಊಟದ ಟೇಬಲ್ ಮೇಲಿಟ್ಟು ಹೋದಳು. ಅದು ಇನ್ನೂ ಅಲ್ಲೇ ಇದೆ, ಒಂದು ವಾರದಿಂದ ನಾನು ನಿಂತುಕೊಂಡು ಉಣ್ಣುತ್ತಿದ್ದೇನೆ.

ನಿಮಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಗೊತ್ತಿದ್ದರೂ ನನ್ನ ಕೈಯಿಂದ ಒಮ್ಮೆ ಬರೆಯಬೇಕು. 2021ರ ನವೆಂಬರ್. ಶಿವಕ್ಕ ಬೇಸ್‌ಮೆಂಟಿನ ಮೆಟ್ಟಿಲಿಂದ ಬಿದ್ದು ತೀರಿಕೊಂಡ ಮೂರನೆಯ ದಿನ. ಇಳಕಲ್ಲಿನಿಂದ ಆಕೆಯ ಜೊತೆಗೆಂದು ವಿಸಿಟರ್ ವೀಸಾದ ಮೇಲೆ ಬಂದವರು ನೀವು, ಆ ಹೊತ್ತು ಮನೆಯಲ್ಲಿ ಇದ್ದವರೂ ನೀವೊಬ್ಬರೇ. ಮುದುಕಿಯ ತೋಳಿನ ಮೇಲೆ ಕಂದಿದ ಕಲೆಗಳಿದ್ದವು, ಪೊಲೀಸರಿಗೆ ಸಂಶಯ ಬಂತು. ಶಿವಕ್ಕನ ಮಗಳು ಡಾಕ್ಟರ್ ಸ್ಮಿತಾ ನನಗೆ ಫೋನ್ ಮಾಡಿ, ಗಂಗವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ನೀವು ಸ್ಟೇಷನ್‌ಗೆ ಹೋಗಿ ಎಂದಳು. ನಾನು ಮೂವತ್ತು ವರ್ಷ ಕಾರಿನ ಬ್ರೇಕು ಡಿಸೈನ್ ಮಾಡಿದವ, ಕನ್ನಡ ಕೂಟದ ಹಿರಿಯ. ಯಾರ ಮನೆಯ ಜಗಳವಾದರೂ ಚಿದಂಬರ ಅಂಕಲ್ ಬಂದರೆ ಬಗೆಹರಿಯುತ್ತದೆ ಎಂಬ ಹೆಸರಿತ್ತು. ಆ ಹೆಸರು ನನ್ನ ತಲೆಗೇರಿತ್ತು.

ಮಾತಾಡದೆ ಇರುವ ಹಕ್ಕು ನಿಮಗಿದೆ ಎಂದು ಡಿಟೆಕ್ಟಿವ್ ಕಾರ್ಡು ನೋಡಿ ಓದಿದ. ಅದನ್ನು ನಾನು ನಿಮಗೆ, ಇದೆಲ್ಲ ಫಾರ್ಮಾಲಿಟಿ, ಹೂಂ ಅನ್ನು ಎಂದು ತಿಳಿಸಿದೆ. ನಾಲ್ಕು ತಾಸು ನೀವು ಇಲ್ಲ, ಇಲ್ಲ ಎಂದಿರಿ. ಕೊನೆಗೆ ಅವನು ನನ್ನನ್ನು ಹೊರಗೆ ಕರೆದು, ಮನೆಯವರಿಗೆ ಆಕೆ ಒಂದು ಕ್ಷಮಾಪಣೆಯ ಪತ್ರ ಬರೆದರೆ ಆಕೆಗೇ ಒಳ್ಳೆಯದು ಎಂದ. ನನಗೆ ತಟ್ಟನೆ ಗದಗಿನ ಪೊಲೀಸ್ ಠಾಣೆ ನೆನಪಾಯಿತು. ನಮ್ಮ ಕಾಕಾ ಎಷ್ಟು ಜನರನ್ನು ಹಾಗೆ ಬಿಡಿಸಿ ತಂದಿಲ್ಲ. ಹೊಡೆದಾಟವಿರಲಿ, ಬದುವಿನ ಜಗಳವಿರಲಿ, ತಪ್ಪು ಯಾರದಾದರೂ ಇರಲಿ, ತಪ್ಪಾಗಿದೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಫೌಜದಾರನ ಮುಂದೆ ಮುಚ್ಚಳಿಕೆ ಬರೆದುಕೊಟ್ಟರೆ ಮುಗಿಯಿತು, ಚಹಾ ಕುಡಿದು ಮನೆಗೆ. ಆ ಕಾಗದ ಕಪಾಟಿನಲ್ಲಿ ಹುಳ ಹಿಡಿದು ಬಿದ್ದಿರುತ್ತದೆ. ಅಮೆರಿಕದಲ್ಲಿ ಮೂವತ್ತು ವರ್ಷ ಕಳೆದವನಿಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನೀವು ಕೇಳಬಹುದು. ತಿಳಿಯಲಿಲ್ಲ. ಕಾರಿಡಾರಿನಲ್ಲಿ ನೀರಿನ ನಲ್ಲಿಯ ಹತ್ತಿರ ನಿಮ್ಮನ್ನು ನಿಲ್ಲಿಸಿ ಹೇಳಿದೆ: "ಬರದಕೊಟ್ಟ ಬಿಡು ಗಂಗವ್ವಾ, ಮುಚ್ಚಳಿಕಿ ಇದ್ದಂಗ. ಸಂಜಿಗೆ ಮನಿಗೆ ಕಳಸ್ತಾರ."

ನೀವು ಅಂಗನವಾಡಿ ಟೀಚರ್, ಅಕ್ಷರ ಮುತ್ತಿನಂತಿದೆ.

ಸ್ಮಿತಾ, ನನ್ನಿಂದ ದೊಡ್ಡ ತಪ್ಪಾಗಿದೆ.
ಶಿವಕ್ಕ ಹೋದದ್ದು ನನ್ನಿಂದಲೇ.
ಸಿಟ್ಟಿನ ಭರದಲ್ಲಿ ನಾನು ಆಕೆಯನ್ನು ತಳ್ಳಿದೆ.
ನನ್ನನ್ನು ಕ್ಷಮಿಸು.
ಇನ್ನು ಮುಂದೆ ಹೀಗೆ ಆಗದಂತೆ ನಡೆದುಕೊಳ್ಳುತ್ತೇನೆ.
ನನ್ನನ್ನು ಊರಿಗೆ ಕಳಿಸು.

ಐದನೆಯ ಸಾಲನ್ನು ಪ್ರಾಸಿಕ್ಯೂಟರ್ ಜ್ಯೂರಿಗೆ ಎರಡು ಸಲ ಓದಿದ. ನೋಡಿ, ಈಕೆ ಮತ್ತೆ ಯಾರನ್ನೂ ಕೊಲ್ಲುವುದಿಲ್ಲವೆಂದು ಮಾತು ಕೊಡುತ್ತಿದ್ದಾಳೆ ಎಂದ. ಅಂಗನವಾಡಿಯ ಸೂಪರ್‌ವೈಸರ್ ಮೆಮೋ ಕೊಟ್ಟರೂ ಕೊನೆಗೆ ಆ ಸಾಲು ಬರೆಯುವುದು ನಮ್ಮಲ್ಲಿ ವಾಡಿಕೆ ಎಂದು ನಾನು ಎದ್ದು ಹೇಳಬೇಕಿತ್ತು. ಪತ್ರ ಬರೆಯಲು ಹೇಳಿದವರು ನೀವೇನಾ ಎಂದು ಅವನು ಕೇಳಿದಾಗ ಅಲ್ಲ ಎಂದೆ. ಹೌದು ಎಂದಿದ್ದರೆ ಒಬ್ಬ ಹೆಂಗಸನ್ನು ಜೈಲಿಗೆ ಹಾಕಿಸಿದವ ಎಂದು ನಮ್ಮ ಜನ ನನ್ನನ್ನೇ ತೋರಿಸುತ್ತಿದ್ದರು. ಏಳರಿಂದ ಹದಿನೈದು ವರ್ಷ ಎಂದು ಜಡ್ಜ್ ಓದುವಾಗ ನಾನು ಪಾರ್ಕಿಂಗ್ ಲಾಟ್‌ನಲ್ಲಿದ್ದೆ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ನೀವು ಶಿವಕ್ಕನನ್ನು ತಳ್ಳಿದಿರಾ? ಇಲ್ಲ ಎಂದು ಬರೆದುಬಿಡಿ, ನಾಳೆಯೇ ಮೇಧಾಳಿಗೆ ಫೋನ್ ಮಾಡಿ ನಿಜ ಹೇಳುತ್ತೇನೆ.

ಇಂತಿ,
ಚಿದಂಬರ


ಜೈಲು, ಮಿಶಿಗನ್
21 ಫೆಬ್ರವರಿ 2024

ಚಿದಂಬರಣ್ಣನವರಿಗೆ ಗಂಗವ್ವನ ನಮಸ್ಕಾರ.

ನಿಮ್ಮ ಕಾಗದ ನಿನ್ನೆ ಕೈಗೆ ಬಂತು. ಇಲ್ಲಿ ಮೂಲ ಕಾಗದ ಕೊಡುವುದಿಲ್ಲ, ಅದರ ಪ್ರತಿ ತೆಗೆದು ಕೊಡುತ್ತಾರೆ. ಕನ್ನಡ ಓದುವವರು ಯಾರೂ ಸಿಗದೆ ಒಂದು ತಿಂಗಳು ಕೂತಿತ್ತಂತೆ. ಅವರೂ ಒಬ್ಬ ಚಿದಂಬರಣ್ಣನನ್ನು ಹುಡುಕುತ್ತಿದ್ದರೇನೋ.

ಹರಿದು ಬಿಸಾಡಲಿಲ್ಲ. ಇಲ್ಲಿಗೆ ಬರುವ ಕನ್ನಡ ಅಕ್ಷರವೇ ಕಡಿಮೆ. ಮಗಳು ಲಾವಣ್ಯ ತಿಂಗಳಿಗೊಮ್ಮೆ ಬರೆಯುತ್ತಾಳೆ, ಆರಾಮ ಅದೀವಿ ಎಂಬುದು ಬಿಟ್ಟರೆ ಅದರಲ್ಲಿ ಏನೂ ಇರುವುದಿಲ್ಲ. ನಾನೂ ಆರಾಮ ಅದೀನಿ ಎಂದು ಬರೆಯುತ್ತೇನೆ. ನನಗೆ ಅಡುಗೆಮನೆಯ ಕೆಲಸ ಕೊಟ್ಟಿದ್ದಾರೆ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಉಪ್ಪಿಟ್ಟು ತಿರುವಿದ ಕೈ, ಕೆಲಸಕ್ಕೆ ಹೆದರುವುದಿಲ್ಲ. ಕೆಲಸ ಮುಗಿದ ಮೇಲೆ ಕೂತಿರುವುದು ಕಷ್ಟ.

ನಿಮ್ಮ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ. ನಾಲ್ಕು ತಾಸು ನಾನು ಇಲ್ಲ ಅನ್ನುವಾಗ ನೀವು ಪಕ್ಕದ ಕುರ್ಚಿಯಲ್ಲೇ ಇದ್ದಿರಿ. ಅವತ್ತು ಸಾಲದೇ ಹೋದ ಮಾತು ಇವತ್ತು ಕಾಗದದಲ್ಲಿ ಬಂದರೆ ಸಾಕಾಗುತ್ತದೆಯೇ? ನಾನು ತಳ್ಳಿದೆನೋ ಬಿಟ್ಟೆನೋ ನೀವು ಕಂಡಿಲ್ಲ. ಅದಕ್ಕೆ ನೀವು ಸಾಕ್ಷಿಯಲ್ಲ. ನೀವು ಏನು ಮಾಡಿದಿರಿ ಎಂಬುದಕ್ಕೆ ಮಾತ್ರ ನೀವು ಸಾಕ್ಷಿ. ಅದನ್ನು ಹೇಳಲಿಕ್ಕೆ ನನ್ನಿಂದ ಏನು ಬರೆಸಿಕೊಳ್ಳುತ್ತೀರಿ? ನಾನು ಒಳ್ಳೆಯವಳಾದರೆ ಮಾತ್ರ ನೀವು ನಿಜ ಹೇಳುವವರೇ?

ಇನ್ನೊಂದು ಮಾತು. ನಿಮ್ಮ ಕಾಗದದಲ್ಲಿ ಆ ದಿನದ್ದೆಲ್ಲ ಇದೆ. ಕಾರ್ಡು ಇದೆ, ನೀರಿನ ನಲ್ಲಿ ಇದೆ, ನಿಮ್ಮ ಕಾಕಾ ಕೂಡ ಇದ್ದಾರೆ. ಮೂರನೆಯ ಸಾಲು ಹೇಗೆ ಬಂತೆಂಬುದು ಇಲ್ಲ. ಮರೆತಿರೋ, ಬಿಟ್ಟಿರೋ?

ಕೈಗವಸು ಹಾಕಿಕೊಂಡು ಅಡ್ಡಾಡಿ. ಮನೆಯೊಳಗೇ ತಿರುಗಿದರೆ ತಲೆ ಕೆಡುತ್ತದೆ, ನನಗೆ ಗೊತ್ತು.

ಗಂಗವ್ವ


ಲಿಸ್ಲ್
22 ಮಾರ್ಚ್ 2024

ಗಂಗವ್ವನವರಿಗೆ,

ಮರೆತಿರಲಿಲ್ಲ. ಬಿಟ್ಟಿದ್ದೆ.

ನೀವು ಮೊದಲು ಬರೆದದ್ದು ಐದೇ ಸಾಲು. ಅದನ್ನು ನಾನು ಇಂಗ್ಲಿಷಿನಲ್ಲಿ ಓದಿ ಹೇಳಿದಾಗ ಡಿಟೆಕ್ಟಿವ್ ತಲೆಯಾಡಿಸಿ, ಏನು ಮಾಡಿದಳೆಂದೇ ಇಲ್ಲವಲ್ಲ, ಇದರಲ್ಲಿ ಪಶ್ಚಾತ್ತಾಪ ಕಾಣುವುದಿಲ್ಲ ಎಂದ. ನಾನು ವಾಪಸು ಬಂದು, ಸಿಟ್ಟಿನಲ್ಲಿ ತಳ್ಳಿದೆ ಅಂತ ಒಂದು ಸಾಲು ಸೇರಿಸು ಎಂದೆ. ನೀವು ಪೆನ್ನು ಕೆಳಗಿಟ್ಟಿರಿ. "ನಾ ತಳ್ಳಿಲ್ಲರೀ ಅಣ್ಣಾವ್ರ" ಎಂದಿರಿ. ನಾನು ಹೇಳಿದ್ದು ಇದು: "ಗೊತ್ತೈತಿ ನನಗ. ಬರೇ ಕಾಗದಕ್ಕ ಬರಿ." ಆಮೇಲೆ ನೀವು ಎರಡನೆಯ ಸಾಲಿನ ಕೆಳಗೆ ಸಂದಿಯಲ್ಲಿ ತುರುಕಿ ಬರೆದಿರಿ. ಝೆರಾಕ್ಸಿನಲ್ಲಿ ಆ ಅಕ್ಷರ ಸಣ್ಣದಾಗಿರುವುದು ಕಾಣುತ್ತದೆ. ಜ್ಯೂರಿಯವರು ನೋಡಿದ್ದು ಇಂಗ್ಲಿಷ್ ಟೈಪಿನ ಪ್ರತಿ, ಅದರಲ್ಲಿ ಆರೂ ಸಾಲು ಒಂದೇ ಅಳತೆ.

ಗೊತ್ತೈತಿ ಎಂದವನೇ ಎರಡು ವರ್ಷದ ಮೇಲೆ ನೀವು ತಳ್ಳಿದಿರಾ ಎಂದು ಕೇಳಿದ್ದೇನೆ ನೋಡಿ. ಮೋರೆ ಎಲ್ಲಿಟ್ಟುಕೊಳ್ಳಲಿ?

ಮೊನ್ನೆ ಡೆಟ್ರಾಯಿಟ್‌ಗೆ ಹೋಗಿ ಮೇಧಾಳ ಆಫೀಸಿನಲ್ಲಿ ಇದನ್ನೆಲ್ಲ ಪ್ರಮಾಣ ಮಾಡಿ ಬರೆದುಕೊಟ್ಟೆ. ಆಮೇಲೆ ನಮ್ಮಿಬ್ಬರ ಕಾಗದದ ವಿಷಯ ಬಾಯಿಬಿಟ್ಟೆ. ಆ ಹುಡುಗಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. "ನೀವು ಬರೆದ್ರಾ? ಅವ್ರು ರಿಪ್ಲೈ ಕೂಡ ಮಾಡಿದಾರಾ? ಅಂಕಲ್, ಜೈಲ್‌ನವರ ಹತ್ರ ಎಲ್ಲಾ ಸ್ಕ್ಯಾನ್ ಇರತ್ತೆ." ಆಮೇಲೆ ಮಗುವಿಗೆ ಹೇಳುವಂತೆ ಹೇಳಿದಳು. ಮೇಲಿನ ಕೋರ್ಟಿನವರು ಸಾಕ್ಷಿಯ ಮುಖ ನೋಡುವುದಿಲ್ಲ, ಕಾಗದ ಓದುತ್ತಾರೆ. ಯಾರನ್ನು ನಂಬಬೇಕೆಂಬುದನ್ನು ಮುಖ ಕಂಡ ಜ್ಯೂರಿಗೇ ಬಿಡುತ್ತಾರೆ. ಹೊಸ ಸಾಕ್ಷಿ ಸಿಕ್ಕರೆ ಕೆಳಗಿನ ಜಡ್ಜ್ ಹತ್ತಿರ ಕಳಿಸಿ, ಇವನ ಮಾತು ತೂಗಿ ನೋಡು ಎನ್ನಬಹುದು. ಮಾತು ತಿರುಗಿಸಿದ ಸಾಕ್ಷಿಯನ್ನು ಯಾವ ಜಡ್ಜ್ ಆದರೂ ಸಂಶಯದಿಂದಲೇ ನೋಡುತ್ತಾರೆ. ಕೈದಿಯಿಂದ ಕಾಗದ ಬಂದ ಮೇಲೆ ತಿರುಗಿಸಿದವನ ಗತಿ ಕೇಳಲೇಬೇಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆ ಗಾದೆ ಕಟ್ಟಿದವನು ಯಾವುದೋ ಕೋರ್ಟಿನಿಂದ ಹೊರಗೆ ಬಂದವನೇ ಇರಬೇಕು.

ವಿಚಾರಣೆ ಮುಗಿಯುವ ತನಕ ನಿಮಗೆ ಬರೆಯಕೂಡದಂತೆ, ಇದೊಂದನ್ನು ಕದ್ದು ಬರೆಯುತ್ತಿದ್ದೇನೆ. ಸುಳ್ಳು ಸಾಕ್ಷಿಗೆ ಇಲ್ಲಿ ಜೈಲಿದೆ, ನನಗೂ ಒಬ್ಬ ವಕೀಲ ಬೇಕು ಎಂದೂ ಹೇಳಿದಳು. ಪದ್ಮಜಾ ಎರಡು ದಿನದಿಂದ ನನ್ನ ಜೊತೆ ಮಾತಾಡಿಲ್ಲ. ನನಗೆ ಹೆದರಿಕೆಯಾಗಿದೆ. ಆದರೂ ಈಗ ಕೂತುಕೊಂಡು ಉಣ್ಣುತ್ತಿದ್ದೇನೆ.

ಚಿದಂಬರ


ಲಿಸ್ಲ್
12 ಮೇ 2024

ಸ್ಮಿತಾಗೆ ಆಶೀರ್ವಾದಗಳು.

ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ, ಅದಕ್ಕೆ ಕಾಗದ. ನಿಮ್ಮ ಹೊಸ ಮನೆಯ ವಿಳಾಸವನ್ನು ಕೂಟದ ಡೈರೆಕ್ಟರಿಯಿಂದ ತೆಗೆದೆ. ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಎಂದು ಓದಿದೆ, ಚೆನ್ನಾಗಿರಲಿ.

ಗಂಗವ್ವನ ಕೇಸನ್ನು ಮೇಲಿನ ಕೋರ್ಟು ಹಿಂದಕ್ಕೆ ಕಳಿಸಿದೆ, ಸೆಪ್ಟೆಂಬರ್‌ನಲ್ಲಿ ಜಡ್ಜ್ ನನ್ನನ್ನು ಕೇಳುತ್ತಾರೆ. ನಾನು ಏನು ಹೇಳಲಿದ್ದೇನೆಂದು ನಿನಗೆ ಬೇರೆಯವರಿಂದ ತಿಳಿಯುವುದು ಬೇಡ. ಆ ಪತ್ರ ಬರೆಸಿದವನು ನಾನು. ತಳ್ಳಿದೆ ಎಂಬ ಸಾಲು ನನ್ನದು. ವಿಸಿಟರ್ ವೀಸಾದವಳಿಂದ ಕೆಲಸ ಮಾಡಿಸಿದರೆಂಬ ತಂಟೆ ನಿಮ್ಮ ಮನೆಗೆ ಬರಬಾರದು, ಬೇಗ ಮುಗಿಯಲಿ, ಎಲ್ಲರೂ ಚಿದಂಬರ ಅಂಕಲ್ ಮುಗಿಸಿಕೊಟ್ಟರು ಎನ್ನಲಿ ಎಂದು ಬರೆಸಿದೆ. ನಿನ್ನ ತಾಯಿಯ ಸಾವಿಗೆ ಕಾರಣ ಯಾರೆಂದು ನಾನು ನಿನಗೆ ಸುಳ್ಳೇ ಬರೆಸಿಕೊಟ್ಟೆ.

ಆ ಸಂಜೆ ಸ್ಟೇಷನ್ನಿನ ಪಾರ್ಕಿಂಗ್ ಲಾಟ್‌ನಲ್ಲಿ ನೀನು ಕಾರಿನಲ್ಲಿ ಕಾಯುತ್ತಿದ್ದೆ. ಹಿಮ ಬೆರೆತ ಮಳೆ. ನೀನು ಗ್ಲಾಸು ಇಳಿಸಿದೆ, ನಾನು ಬಗ್ಗಿ ನಿನಗೆ ಏನೋ ಹೇಳಿದೆ. ಅದು ನಿನಗೆ ನೆನಪಿದೆಯೇ? ಇದನ್ನು ಕೇಳಬಾರದು ಎಂದು ವಕೀಲರು ಹೇಳಿದ್ದಾರೆ. ಆದರೂ ಕೇಳದೆ ಇರಲಾಗಲಿಲ್ಲ.

ಚಿದಂಬರ


ವೆಸ್ಟ್ ಬ್ಲೂಮ್‌ಫೀಲ್ಡ್, ಮಿಶಿಗನ್
9 ಜೂನ್ 2024

ಚಿದಂಬರ ಅಂಕಲ್,

ನಿಮ್ಮ ಕಾಗದದ ತಾರೀಖು ನೋಡಿದಿರಾ? ಅವತ್ತು ಮದರ್ಸ್ ಡೇ. ಮಗಳು ಅನಿಕಾ ಶಾಲೆಯಲ್ಲಿ ಮಾಡಿದ ಕಾರ್ಡಿನ ಪಕ್ಕದಲ್ಲೇ ಅದು ಮೂರು ವಾರ ಬಿದ್ದಿತ್ತು.

ನನಗೆ ಏನೂ ನೆನಪಿಲ್ಲ. ಅವ್ವನನ್ನು ಊರಿಗೆ ಒಯ್ಯುವುದೋ ಇಲ್ಲೇ ದಹನ ಮಾಡುವುದೋ ಎಂದು ಅವತ್ತು ಫೋನಿನ ಮೇಲೆ ಫೋನು. ನೀವು ಏನು ಹೇಳಿದಿರೋ ನನಗೆ ಬೇಕಾಗಿಯೂ ಇರಲಿಲ್ಲ. ಅವ್ವನ ತೋಳಿನ ಕಲೆಗಳ ಬಗ್ಗೆ ಕೇಳುತ್ತೀರಾದರೆ, ನಾನು ಡಾಕ್ಟರ್. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರನ್ನು ತೋಳು ಹಿಡಿದು ಎಬ್ಬಿಸಿದರೂ ಕಲೆ ಬೀಳುತ್ತದೆ. ಕೋರ್ಟಿನಲ್ಲಿ ಕೇಳಿದಾಗ ಇರಬಹುದು ಎಂದೆ. ಅದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ.

ಬೇಸ್‌ಮೆಂಟ್ ಬಾಗಿಲಿಗೆ ಚಿಲಕ ಹಾಕಿಸು ಎಂದು ಅವ್ವ ಬಂದ ವಾರವೇ ಗಂಡ ಸ್ವರೂಪನಿಗೆ ಹೇಳಿದ್ದೆ. ಹೂಂ ಎಂದ. ನಾನು ಮತ್ತೆ ನೆನಪಿಸಲಿಲ್ಲ. ಅದು ಬಾತ್‌ರೂಮಿನ ಬಾಗಿಲಿನ ಪಕ್ಕದಲ್ಲೇ ಇತ್ತು, ಎರಡಕ್ಕೂ ಒಂದೇ ಬಣ್ಣ. ಈ ಮನೆ ಕಾಂಡೋ, ಬೇಸ್‌ಮೆಂಟ್ ಇಲ್ಲ. ಅದನ್ನೇ ಹುಡುಕಿ ತಗೊಂಡೆವು.

ಗಂಗವ್ವ ನನ್ನನ್ನು ಎತ್ತಿ ಆಡಿಸಿದಾಕೆ. ನನ್ನ ಮನೆಯಲ್ಲೇ ಐದು ತಿಂಗಳು ರೊಟ್ಟಿ ಬಡಿದಳು. ಆಕೆ ಬರೆದುಕೊಟ್ಟಳು ಎಂದು ಕೇಳಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದು ನಿಮಗೆ ತಿಳಿಯುವುದಿಲ್ಲ. ದಯವಿಟ್ಟು ಮತ್ತೆ ಬರೆಯಬೇಡಿ.

ಸ್ಮಿತಾ


ಲಿಸ್ಲ್
27 ಅಕ್ಟೋಬರ್ 2024

ಗಂಗವ್ವನವರಿಗೆ,

ಈಗ ಬರೆಯಬಹುದೆಂದು ಮೇಧಾ ಹೇಳಿದಳು. ಈ ಸಲ ಇಂಗ್ಲಿಷ್ ಅನುವಾದವನ್ನೂ ಜೊತೆಗೇ ಇಟ್ಟಿದ್ದೇನೆ, ಜೈಲಿನವರ ಹತ್ತಿರ ತಿಂಗಳು ಕೂರದಿರಲಿ.

ವಿಚಾರಣೆಯ ದಿನ ನೀವು ಹತ್ತು ಅಡಿ ದೂರದಲ್ಲಿ ಸೊಂಟಕ್ಕೆ ಸರಪಳಿ ಹಾಕಿಸಿಕೊಂಡು ಕೂತಿದ್ದಿರಿ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನ ಅವಸ್ಥೆ ನೀವೇ ಕಂಡಿರಿ, ಆದರೂ ಬರೆಯುತ್ತೇನೆ, ತಲೆಯಿಂದ ಹೋಗುತ್ತಿಲ್ಲ. ಈ ಸಲದ ಪ್ರಾಸಿಕ್ಯೂಟರ್ ಹೆಂಗಸು, ಮೆತ್ತಗೆ ಮಾತಾಡುವಾಕೆ. ನಮ್ಮ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು. "ಜನವರಿಯಲ್ಲಿ ನೀವು ಮೂರನೆಯ ಸಾಲಿನ ಮಾತೇ ಎತ್ತಿಲ್ಲ. ಫೆಬ್ರವರಿಯಲ್ಲಿ ಕೈದಿ ಅದನ್ನು ಕೇಳುತ್ತಾಳೆ. ಮಾರ್ಚಿನಲ್ಲಿ ನೀವು ಅದನ್ನೇ ಪ್ರಮಾಣ ಮಾಡಿ ಹೇಳುತ್ತೀರಿ. ನಿಮಗೆ ಹೇಳಿಕೊಟ್ಟವರು ಯಾರು?" ಎಂದಳು. ನನ್ನ ಆತ್ಮಸಾಕ್ಷಿ ಎಂದು ಹೇಳಬೇಕೆಂದುಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಟೈ ಮುಟ್ಟಿಕೊಂಡೆ. "ಪೊಲೀಸರ ಮುಂದೆ ಪೊಲೀಸರಿಗೆ ಬೇಕಾದದ್ದು, ಜ್ಯೂರಿಯ ಮುಂದೆ ನಿಮ್ಮ ಜನಕ್ಕೆ ಬೇಕಾದದ್ದು, ಈಗ ಕೈದಿಗೆ ಬೇಕಾದದ್ದು. ಎದುರಿಗಿದ್ದವರಿಗೆ ಬೇಡವಾದ ಮಾತನ್ನು ನೀವು ಯಾವತ್ತಾದರೂ ಆಡಿದ್ದೀರಾ?" ಎಂದಳು.

ಎರಡನೆಯ ದಿನ ಸ್ಮಿತಾ ಬಂದಳು. ಯಾರೂ ಕರೆದಿರಲಿಲ್ಲ. ಕೊರಳಲ್ಲಿ ಆಸ್ಪತ್ರೆಯ ಬ್ಯಾಡ್ಜ್ ಹಾಗೇ ಇತ್ತು. ಕಾರಿಡಾರಿನಲ್ಲಿ ಮೇಧಾಳ ಜೊತೆ ಐದು ನಿಮಿಷ ಮಾತಾಡಿ ನೆಟ್ಟಗೆ ಹೋಗಿ ಸಾಕ್ಷಿಯ ಕುರ್ಚಿಯಲ್ಲಿ ಕೂತಳು. ಆ ಸಂಜೆ ಕಾರಿನ ಕಿಟಕಿಯಲ್ಲಿ ನಾನು ಹೇಳಿದ್ದನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು. "ತಳ್ಳಿಲ್ಲಂತ ಭಾಳ ಹಟಾ ಮಾಡಿದಳವಾ, ನಾನ ಹೇಳಿ ಬರಸೀನಿ. ಇನ್ನ ನಿಮ್ಮ ಮನಿಗೆ ತಾಪತ್ರಯ ಇಲ್ಲ." ನನ್ನದೇ ದನಿಯ ಏರಿಳಿತ, ನನ್ನದೇ ಜಂಬ. ಮೂರು ವರ್ಷ ಯಾಕೆ ಸುಮ್ಮನಿದ್ದಿರಿ ಎಂದು ಪ್ರಾಸಿಕ್ಯೂಟರ್ ಕೇಳಿದಳು. ಸ್ಮಿತಾ ನೀರಿನ ಲೋಟ ಪಕ್ಕಕ್ಕೆ ಸರಿಸಿ, ಯಾರಾದರೂ ತಳ್ಳಿರಲೇಬೇಕು ಅಂತ ನನಗೆ ಬೇಕಾಗಿತ್ತು ಎಂದಳು. ನಿಮ್ಮ ಕಡೆ ನೋಡದೆ ಹೊರಟುಹೋದಳು.

ಆರ್ಡರ್ ಇಪ್ಪತ್ತೊಂದಕ್ಕೆ ಬಂತು, ಮೇಧಾ ಫೋನಿನಲ್ಲಿ ಓದಿದಳು. ಈ ಸಾಕ್ಷಿಯೊಬ್ಬನ ಮಾತಿನ ಮೇಲಾದರೆ ನಾನು ಏನನ್ನೂ ನಿರ್ಧರಿಸುತ್ತಿರಲಿಲ್ಲ ಎಂದು ಜಡ್ಜ್ ನನ್ನ ಬಗ್ಗೆ ಬರೆದಿದ್ದಾರೆ. ಮಗಳ ಮಾತು ಬೇರೆ, ಆಕೆಗೆ ಇದರಲ್ಲಿ ಗಳಿಸುವುದೇನೂ ಇಲ್ಲ, ಕಳೆದುಕೊಳ್ಳುವುದಿದೆ ಎಂದಿದ್ದಾರೆ. ನಿಮ್ಮ ತಪ್ಪೊಪ್ಪಿಗೆ ಬಿದ್ದುಹೋಯಿತು, ಶಿಕ್ಷೆ ರದ್ದಾಯಿತು, ಹೊಸ ವಿಚಾರಣೆ ಆಗಬೇಕು. ಸುಳ್ಳು ಹೇಳಿದಾಗ ಹನ್ನೆರಡು ಜನ ನಂಬಿದರು, ನಿಜ ಹೇಳಿದಾಗ ಒಬ್ಬರೂ ನಂಬಲಿಲ್ಲ. ಮಾಡಿದ್ದುಣ್ಣೋ ಮಾರಾಯ. ಅಡುಗೆಮನೆಯಲ್ಲಿ ನಿಂತು ಅತ್ತೆ. ಪದ್ಮಜಾ ಬಂದು ಭುಜದ ಮೇಲೆ ಕೈ ಇಟ್ಟಳು.

ಈಗ ಮುಖ್ಯ ಮಾತು. ಪ್ರಾಸಿಕ್ಯೂಟರ್ ಕೊಡುತ್ತೇನೆಂದಿರುವ ರಾಜಿಯ ವಿಷಯ ಮೇಧಾ ನಿಮಗೆ ಹೇಳಿದ್ದಾಳೆ, ಕೋರ್ಟಿನಲ್ಲಿ ಎಲ್ಲರೆದುರೇ ಓದಿದರಂತೆ. ತಳ್ಳಿದ್ದು ಹೌದು, ಕೊಲ್ಲುವ ಉದ್ದೇಶವಿರಲಿಲ್ಲ ಎಂದು ನವೆಂಬರ್ ಹದಿನಾಲ್ಕಕ್ಕೆ ಜಡ್ಜ್ ಮುಂದೆ ಒಪ್ಪಿಕೊಂಡರೆ, ಇಷ್ಟು ದಿನ ಒಳಗಿದ್ದದ್ದೇ ಶಿಕ್ಷೆ ಎಂದು ಲೆಕ್ಕ ಹಿಡಿದು ವಿಮಾನ ಹತ್ತಿಸುತ್ತಾರೆ. ಒಪ್ಪದಿದ್ದರೆ ಬರುವ ಜೂನ್ ತನಕ ಜೈಲು, ಆಮೇಲೆ ವಿಚಾರಣೆ, ಸೋತರೆ ಮತ್ತೆ ಹದಿನೈದು ವರ್ಷದ ಮಾತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನಿ, ಆದರೂ ಹೇಳುತ್ತೇನೆ. ಒಪ್ಪಿಕೊಳ್ಳಿ ಗಂಗವ್ವ. ಈ ಸಲ ನಿಜವಾಗಿಯೂ ಮನೆಗೆ ಕಳಿಸುತ್ತಾರೆ, ಮೇಧಾಳನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಲಾವಣ್ಯ ಕಾಯುತ್ತಿದ್ದಾಳೆ. ನಿಮ್ಮ ಕೂದಲು ನೋಡಿ ಬಂದ ಮೇಲೆ ನನಗೆ ಬೇರೆ ಏನೂ ತೋಚುತ್ತಿಲ್ಲ. ಒಪ್ಪಿಕೊಂಡು ಹೊರಟುಬಿಡಿ.

ಚಿದಂಬರ


ಜೈಲು, ಮಿಶಿಗನ್
20 ನವೆಂಬರ್ 2024

ಚಿದಂಬರಣ್ಣನವರಿಗೆ,

ಒಪ್ಪಿಕೊಳ್ಳಲಿಲ್ಲ.

ನಿಮ್ಮ ಕಾಗದ ಹನ್ನೆರಡಕ್ಕೇ ಬಂದಿತ್ತು. ಓದಿ, ಆಗಲಿ ಎಂದೇ ಹೊರಟಿದ್ದೆ. ಮೇಧಾ ಕಾಗದ ಸಿದ್ಧ ಮಾಡಿದ್ದಳು. ಈ ಸಲ ಭಾಷೆಗೆ ಕೋರ್ಟಿನವರೇ ಒಬ್ಬ ಹೆಂಗಸನ್ನು ಕರೆದಿದ್ದರು, ಟಿವಿಯ ಪರದೆಯ ಮೇಲೆ ಎಲ್ಲಿಂದಲೋ ಮಾತಾಡುತ್ತಿದ್ದಳು. ನೀವು ಶಿವಕ್ಕನವರನ್ನು ತಳ್ಳಿದಿರಾ ಎಂದು ಜಡ್ಜ್ ಕೇಳಿದ್ದನ್ನು ಆಕೆ ಕನ್ನಡದಲ್ಲಿ ಕೇಳಿದಳು. ಹೂಂ ಅನ್ನು ಎಂದು ಹೇಳಲಿಲ್ಲ. ನನ್ನ ಬಾಯಿ ನೋಡುತ್ತಾ ಕಾದಳು. ಅಷ್ಟು ಹೊತ್ತು ನನಗಾಗಿ ಯಾರೂ ಕಾದಿರಲಿಲ್ಲ. ನನ್ನ ಬಾಯಿಂದ ಇಲ್ಲ ಎಂದು ಬಂತು. ಜಡ್ಜ್ ಇನ್ನೊಮ್ಮೆ ಕೇಳಿದರು. ಇಲ್ಲ ಎಂದೆ. ಮೇಧಾ ಕಣ್ಣು ಮುಚ್ಚಿಕೊಂಡಳು. ರಾಜಿ ಮುರಿಯಿತು, ನನ್ನನ್ನು ವಾಪಸು ತಂದರು.

ನಿಮಗೆ ಸಿಟ್ಟು ಬಂದಿರುತ್ತದೆ. ಲಾವಣ್ಯ ಫೋನಿನಲ್ಲಿ ಅತ್ತಳು, ಮೊದಲ ಸಲ ಆರಾಮ ಅದೀವಿ ಅನ್ನಲಿಲ್ಲ.

ಆ ದಿನ ಏನಾಯಿತೆಂದು ಮೊನ್ನೆ ಸ್ಮಿತಾಗೆ ಬರೆದೆ. ಆಕೆಯ ತಾಯಿ, ಆಕೆಗೇ ಮೊದಲು ತಿಳಿಯಬೇಕು. ಈಗ ನಿಮಗೆ. ಬರೆಯಬೇಡಿ, ಪ್ರಾಸಿಕ್ಯೂಟರ್ ಇದನ್ನೂ ಓದಿಸುತ್ತಾರೆ ಎಂದು ಮೇಧಾ ಕೈ ಮುಗಿದಳು. ಓದಲಿ.

ಬೆಳಿಗ್ಗೆ ಶಿವಕ್ಕ ರೊಟ್ಟಿ ಹಸಿ ಇದೆ ಎಂದು ತಾಟು ಸರಿಸಿದಳು. ಪುಕ್ಕಟೆ ವಿಮಾನ ಹತ್ತಿ ಬಂದು ಕೂಳಿಗೆ ಕುಂತಾಕಿ ಎಂದಳು. ನಾನು ತಾಟು ತೊಳೆದಿಟ್ಟೆ. ಮೇಲೆ ಹೋಗಿ ಬಟ್ಟೆ ಮಡಚುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಗಂಗೀ ಎಂದು ಕರೆದಳು. ಬಾತ್‌ರೂಮಿಗೆ ಹೋಗಬೇಕಾದರೆ ಹಾಗೇ ಕರೆಯುತ್ತಿದ್ದಳು, ನಾನು ಹೋಗಿ ತೋಳು ಹಿಡಿದು ಕರೆದುಕೊಂಡು ಹೋಗುವುದು. ಕೇಳಿಸಿತು. ಎರಡನೆಯ ಸಲ ಕರೆದಳು, ಅದೂ ಕೇಳಿಸಿತು. ಕರೀಲಿ ಬಿಡು ಎಂದುಕೊಂಡು ಇನ್ನೊಂದು ಟವೆಲ್ ಮಡಚಿದೆ. ಮೂರನೆಯ ಸಲ ಕರೆಯಲಿಲ್ಲ. ಬಿದ್ದ ಸಪ್ಪಳ ಬಂತು. ಇಳಿದು ಬಂದು ನೋಡಿದರೆ ಬಾತ್‌ರೂಮಿನದಲ್ಲ, ಬೇಸ್‌ಮೆಂಟಿನ ಬಾಗಿಲು ತೆರೆದಿತ್ತು.

ತಪ್ಪಾಗಿದೆ ಅಂತ ಬರಿ ಎಂದು ನೀವು ನಲ್ಲಿಯ ಹತ್ತಿರ ಹೇಳಿದಾಗ ನನ್ನ ಕೈ ಯಾಕೆ ಅಷ್ಟು ಬೇಗ ಓಡಿತೆಂದು ನೀವು ಒಮ್ಮೆಯೂ ಕೇಳಲಿಲ್ಲ. ಎಲ್ಲವನ್ನೂ ನೀವೇ ಮಾಡಿಸಿದಿರಿ ಎಂದು ತಿಳಿದು ಮೂರು ವರ್ಷ ಒದ್ದಾಡಿದ್ದೀರಿ. ಒಂದು ಸಾಲು ಮಾತ್ರ ನಿಮ್ಮದು. ಉಳಿದ ಐದು ನನ್ನವು. ಸಿಟ್ಟು ಮಾಡಿಕೊಂಡು ಹೋಗದೆ ಇದ್ದದ್ದಕ್ಕೆ ಇಲ್ಲಿ ಯಾವ ಕಲಮೂ ಇಲ್ಲವಂತೆ, ಮೇಧಾ ಹುಡುಕಿ ನೋಡಿ ಹೇಳಿದಳು. ಅದಕ್ಕೆ ಶಿಕ್ಷೆ ಕೊಡುತ್ತೇವೆಂದಿದ್ದರೆ ಅವತ್ತೇ ಒಪ್ಪಿಕೊಳ್ಳುತ್ತಿದ್ದೆ. ನಾನು ಮಾಡದ್ದನ್ನು ಮಾಡಿದೆ ಎಂದು ಹೇಳಿ ಊರಿಗೆ ಹೋದರೆ, ಮಾಡಿದ್ದು ಎಲ್ಲಿಗೆ ಹೋಗಬೇಕು?

ಜೂನ್‌ನಲ್ಲಿ ನಿಮ್ಮನ್ನು ಸಾಕ್ಷಿಗೆ ಕರೆಯುತ್ತಾರೆ, ಬನ್ನಿ. ಅಲ್ಲಿಯವರೆಗೆ ನನಗೆ ಏನು ಮಾಡಬೇಕೆಂದು ಬರೆಯಬೇಡಿ. ಬೇರೆ ಏನಾದರೂ ಬರೆಯಿರಿ, ಹಿಮ ಬಿತ್ತೋ ಇಲ್ಲವೋ, ಪದ್ಮಜಾ ಏನು ಅಡುಗೆ ಮಾಡಿದಳು, ಅಂಥದ್ದು.

ಯಾರಾದರೂ ತಳ್ಳಿರಲೇಬೇಕು ಅಂತ ಬೇಕಾಗಿತ್ತು ಎಂದಳಲ್ಲ ಸ್ಮಿತಾ, ಅದು ನನ್ನ ಕಿವಿಯಲ್ಲೇ ಇದೆ. ನನ್ನ ಮೇಲೆ ಸಿಟ್ಟಾಗಲಿಕ್ಕೆ ಈಗ ಆಕೆಗೆ ಖರೇ ಕಾರಣ ಕೊಟ್ಟಿದ್ದೇನೆ. ಆಕೆಯ ಉತ್ತರ ಇನ್ನೂ ಬಂದಿಲ್ಲ. ಟಪಾಲು ಹಂಚುವ ಹೊತ್ತಿಗೆ ದಿನಾ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ.

ಗಂಗವ್ವ